ಮೂಕಪ್ಪನ ಖಾಲಿ ಬಂದೂಕು

ಕರೇಮರಡಿಯ ನೀರುಗಂಟಿ ಮೂಕಪ್ಪ ಬೆಳಿಗ್ಗೆ ಏಳಕ್ಕೆ ಮೇಲುಕೇರಿಯ ವಾಲ್ವು ತಿರುಗಿಸುತ್ತಿದ್ದಾಗ ಪೇದೆ ಸಿದ್ದಲಿಂಗೇಶ ಬಂದ. ಬೈಕು ಆಫ್ ಮಾಡಲಿಲ್ಲ, ಕಾಲೂ ಕೆಳಗಿಡಲಿಲ್ಲ. ಒಂದು ಚೀಟಿ ಕೈಗಿಟ್ಟು ಹೊರಟೇಹೋದ. ಪಂಚಾಯ್ತಿ ಚುನಾವಣೆ ಬಂದಿದೆ, ಲೈಸೆನ್ಸಿನ ಬಂದೂಕು ಇರುವವರು ಬಂದೂಕು ಮತ್ತು ಲೈಸೆನ್ಸು ಎರಡನ್ನೂ ಇಂದು ಸಂಜೆ ಐದರೊಳಗೆ ಹಿರೇಬಂಡೆ ಹೊರಠಾಣೆಗೆ ಒಪ್ಪಿಸಬೇಕು, ತಪ್ಪಿದರೆ ಕೇಸು. ಚೀಟಿಗೆ ಹತ್ತು ದಿನ ಹಿಂದಿನ ತಾರೀಕಿತ್ತು. ಆ ಹತ್ತು ದಿನವೂ ಅದು ಸಿದ್ದಲಿಂಗೇಶನ ಸೀಟಿನಡಿ ಹಾಯಾಗಿ ಮಲಗಿತ್ತು. ಸರ್ಕಾರದ ಕಾಗದ ಉಳ್ಳವರ ಮನೆಗೆ ಮೊದಲ ದಿನ ಹೋಗುತ್ತದೆ, ಇಲ್ಲದವರ ಮನೆಗೆ ಕೊನೆಯ ದಿನ ಬರುತ್ತದೆ.

'ಕೇಸು' ಎಂಬ ಎರಡಕ್ಷರ ದಾಟಿ ಮೂಕಪ್ಪನ ಕಣ್ಣು ಮುಂದಕ್ಕೆ ಹೋಗಲಿಲ್ಲ. ಹತ್ತೊಂಬತ್ತು ವರ್ಷ ದಿನಗೂಲಿಯ ಮೇಲೆ ಊರಿಗೆಲ್ಲ ನೀರು ಬಿಟ್ಟವನು ಅವನು. ಮೂರು ಧರಣಿ, ಒಂದು ಉಪವಾಸ, ಎಣಿಸಲಾರದಷ್ಟು ಮನವಿಪತ್ರಗಳಾದ ಮೇಲೆ ಕೆಲಸ ಕಾಯಂ ಆಗುವ ಆದೇಶ ಕೊನೆಗೂ ಹೊಸ್ತಿಲವರೆಗೆ ಬಂದು ನಿಂತಿತ್ತು. ಬಾಕಿ ಉಳಿದದ್ದು ಒಂದೇ ಕಾಗದ: 'ಈತನ ನಡತೆ ಒಳ್ಳೆಯದು, ಈತನ ಮೇಲೆ ಮೊಕದ್ದಮೆ ಇಲ್ಲ' ಎಂಬ ಪೊಲೀಸರ ನಡತೆ ಪತ್ರ. ಅದು ನಾಳೆ ಹನ್ನೊಂದಕ್ಕೆ ಪಂಚಾಯ್ತಿಯ ಟೇಬಲ್ಲಿನ ಮೇಲಿರಬೇಕು. ಅದರ ಅರ್ಜಿ ಮೂರು ವಾರದಿಂದ ಕೂತಿದ್ದುದು ಅದೇ ಹಿರೇಬಂಡೆ ಹೊರಠಾಣೆಯಲ್ಲಿ.

ವಾಲ್ವನ್ನು ಅರ್ಧಕ್ಕೇ ಬಿಟ್ಟು ಮೂಕಪ್ಪ ಮನೆಗೆ ಓಡಿದ. ಅವತ್ತು ಮೇಲುಕೇರಿಗೆ ನೀರೂ ಅರ್ಧವೇ ಬಂತು.

ಬಂದೂಕು ಅವನದಲ್ಲ, ಅಪ್ಪ ಓಬಳಪ್ಪನದು. ಬೆಳೆ ಕಾಯಲೆಂದು ಸರ್ಕಾರವೇ ಲೈಸೆನ್ಸ್ ಕೊಟ್ಟ, ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ನಾಡ ಬಂದೂಕು. ಹೋದ ವರ್ಷ ಮೆಕ್ಕೆಜೋಳ ತೆನೆಗಟ್ಟಿದಾಗ ಹಂದಿ ಕಾಯಲು ಹೊಲಕ್ಕೆ ಹೋದ ಓಬಳಪ್ಪ ಬೆಳಗಾಗುವಷ್ಟರಲ್ಲಿ ಅಟ್ಟಣೆಯ ಕೆಳಗೆ ಬಿದ್ದಿದ್ದ. ಲಕ್ವ ಹೊಡೆದಿತ್ತು. ಮಾತು ಹೋಯಿತು, ಬಲಗೈ ಹೋಯಿತು. ಉಳಿದದ್ದು ಎಡಗೈ, ಅದರಲ್ಲೂ ಮೂರೇ ಬೆರಳು. ಮಿಕ್ಕ ಎರಡನ್ನು ಚಿಕ್ಕಂದಿನಲ್ಲೇ ಒಂದು ಖಾಲಿ ಬಂದೂಕು ತಿಂದಿತ್ತು. ಎಂಟು ತಿಂಗಳು ಮುದುಕ ಆ ಮೂರು ಬೆರಳಲ್ಲಿ ಗೋಡೆಯ ಬಂದೂಕನ್ನು ತೋರಿಸಿ ತೋರಿಸಿ "ಬೆ... ಬೆ..." ಎಂದ.

"ಮುದುಕಗೆ ಬಂದೂಕಿನ ಮ್ಯಾಗೆ ಎಷ್ಟು ಜೀವ ನೋಡ್ರಿ" ಎಂದು ಊರು ಕಣ್ಣೊರೆಸಿಕೊಂಡಿತು. ಸೊಸೆ ಉಡಚಮ್ಮ ಬಂದೂಕಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಮಾವನ ಮಗ್ಗುಲಲ್ಲೇ ಮಲಗಿಸಿದಳು. ಮುದುಕ ಇನ್ನೂ ಜೋರಾಗಿ ಬೆಬ್ಬೆಬ್ಬೆ ಎಂದು ಗೋಡೆಯ ಕಡೆ ಹೊರಳಿದ. ನಾಲ್ಕು ತಿಂಗಳ ಹಿಂದೆ ತೀರಿಕೊಂಡ.

ಮಾತಿದ್ದ ಕಾಲದಲ್ಲಿ ಅವನು ಮಗನಿಗೆ ಮೂರು ಮಾತು ಕಲಿಸಿದ್ದ. ಖಾಲಿ ಬಂದೂಕು ಅಂಬೋದು ಭೂಮಿ ಮ್ಯಾಗೆ ಹುಟ್ಟಿಲ್ಲ. ಅದರ ಬಾಯಿ ಆಕಾಶ ನೋಡ್ಲಿ, ಇಲ್ಲ ನೆಲ ನೋಡ್ಲಿ, ತಾಯಿ ಹಡೆದದ್ದನ್ನ ನೋಡಬಾರದು. ಹೊಡೆಯೋ ಗಳಿಗೆ ತನಕ ಬೆರಳು ಕುದುರೆ ಮುಟ್ಟಬಾರದು. ಕುದುರೆ ಎಂದರೆ ಬೆರಳಿಂದ ಎಳೆಯುವ ಕೊಕ್ಕೆ. ಮೂಕಪ್ಪ ಬಂದೂಕು ಹೊಡೆಯುವುದನ್ನು ಕಲಿಯಲಿಲ್ಲ, ಈ ಮೂರು ಮಾತನ್ನು ಮರೆಯಲೂ ಇಲ್ಲ.

"ಲೈಸೆನ್ಸ್ ಎಲ್ಲೈತೆ?" ಎಂದು ಹೆಂಡತಿಯನ್ನು ಕೇಳಿದ.

"ನಂಗೇನು ಗೊತ್ತು? ನಿಮ್ಮಪ್ಪಗೆ ಓದಾಕೆ ಬರ್ತಿತ್ತಾ, ಬರಿಯಾಕೆ ಬರ್ತಿತ್ತಾ? ಕರೆಂಟ್ ಬಿಲ್ಲೂ ಒಂದೇ, ಮದುವೆ ಕಾಗದಾನೂ ಒಂದೇ. ಎಲ್ಲಾ ಒಟ್ಟಿಗೆ ಸುತ್ತಿ ಹೊಲದ ಚೀಲದಾಗೆ ತುರುಕ್ತಿದ್ದ."

"ಹೊಲದ ಚೀಲ ಎಲ್ಲಿ?"

"ಅದ್ರಾಗೆ ಸಗಣಿ ಹೊತ್ತಿದ್ದು ಆಯ್ತು, ಅದು ಹರಿದಿದ್ದೂ ಆಯ್ತು."

"ಗಜ ಎಲ್ಲಿ?"

"ಯಾವ ಗಜ?"

"ಬಂದೂಕಿಗೆ ಮದ್ದು ಜಡಿಯೋ ಉದ್ದನೆ ಕಬ್ಬಿಣದ ಕಡ್ಡಿ ಕಣೇ. ಅದನ್ನ ನಳಿಗೆಯೊಳಗೆ ಬಿಟ್ರೆ ಖಾಲಿ ಐತೋ ತುಂಬೈತೋ ಗೊತ್ತಾಗ್ತೈತೆ. ಅಪ್ಪ ಅದ್ರ ಮ್ಯಾಗೆ ಅರ ಹಾಕಿ ಒಂದು ಗೀರು ಕೊರೆದಿದ್ದ. ಖಾಲಿ ಇದ್ರೆ ಗೀರು ಬಾಯಿಗೆ ಸರಿಯಾಗಿ ಬಂದು ನಿಂದ್ರತೈತೆ. ಒಳಗೆ ಏನಾರ ಇದ್ರೆ ಮ್ಯಾಲೇ ಉಳಿತೈತೆ."

ಉಡಚಮ್ಮ ಇಂಥ ಕಡ್ಡಿಯನ್ನು ಎಲ್ಲೋ ನೋಡಿದ್ದಳು. ಎಲ್ಲೆಂದು ಮಾತ್ರ ನೆನಪಾಗಲಿಲ್ಲ. "ನೀವು ಹೊರಡ್ರಿ, ನಾನು ಮನೆಯೆಲ್ಲಾ ಜಾಲಾಡಿ ಫೋನ್ ಮಾಡ್ತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಓಂಕಾರಪ್ಪ ಗೋಡೆಯ ಮೇಲಿಂದ ಇಣುಕಿದ್ದ. ಬಂದೂಕೆಂಬ ಮಾತು ಕೇಳಿದರೆ ಸಾಕು, ಇರುವೆಗೆ ಬೆಲ್ಲದ ವಾಸನೆ ಬಂದಂತೆ ಎದ್ದುಬರುವ ಮನುಷ್ಯ. ಮೂವತ್ತು ವರ್ಷದ ಹಿಂದೆ ಹನ್ನೊಂದು ತಿಂಗಳು ಹೋಮ್‌ಗಾರ್ಡ್ ಆಗಿದ್ದ. ಕೈಗೆ ಕೊಟ್ಟದ್ದು ಲಾಠಿ, ಬಾಯಿಗೆ ಬಂದದ್ದು ಫಿರಂಗಿ.

"ಖಾಲಿ ಐತೆ ಬಿಡಲೇ ಮೂಕ. ನಿಮ್ಮಪ್ಪ ಬಿದ್ದ ರಾತ್ರಿ ಢಂ ಅಂದಿದ್ದನ್ನ ಈ ಎರಡು ಕಿವಿಯಿಂದ ನಾನೇ ಕೇಳೀನಿ. ಗುಂಡು ಅವತ್ತೇ ಹೋತು."

"ಆ ಸದ್ದು ಇದ್ರದ್ದೇ ಅಂತ ಹೆಂಗೆ ಗೊತ್ತಾತು ಚಿಗಪ್ಪ? ಹಂದಿ ಓಡ್ಸಾಕೆ ಊರಾಗೆಲ್ಲಾ ಪೈಪಿನ ಪಟಾಕಿ ಹೊಡಿತಾರೆ."

"ಹೋಮ್‌ಗಾರ್ಡ್‌ನಾಗಿದ್ದೋನಿಗೆ ಪೈಪಿನ ಸದ್ದು ಯಾವುದು, ಬಂದೂಕಿನ ಸದ್ದು ಯಾವುದು ಗೊತ್ತಾಗಲ್ವೇನಲೇ? ನಡಿ, ನಾನೂ ಬರ್ತೀನಿ. ಠಾಣೆಯಾಗೆ ಮಾತಾಡಾಕೆ ನಿಂಗೆ ಬಾಯಿ ಎಲ್ಲೈತೆ?"

ಹೀಗೆ ಮೂಕಪ್ಪ, ಬಂದೂಕು, ಓಂಕಾರಪ್ಪ ಮೂವರೂ ಭೀಮೇಶನ ಲಗೇಜ್ ಆಟೋ ಹತ್ತಿದರು. ಭೀಮೇಶ ಮೂರು ಮಕ್ಕಳ ತಂದೆ. ಆದರೆ ಆಟೋಗಿಂತ ಮೊಬೈಲನ್ನೇ ಹೆಚ್ಚು ಓಡಿಸುತ್ತಿದ್ದ. ಹನ್ನೆರಡು ಸಾವಿರ ಜನ ತನ್ನ ರೀಲ್ಸ್ ನೋಡುತ್ತಾರೆಂದು ಅವನ ಹೆಮ್ಮೆ.

ಮೂಕಪ್ಪ ಹಿಂದೆ ಕೂತು, ನಳಿಗೆಯನ್ನು ಆಕಾಶಕ್ಕೆ ಮಾಡಿ, ಬೆರಳನ್ನು ಕುದುರೆಯಿಂದ ಗೇಣು ದೂರವಿಟ್ಟು, ಬಂದೂಕನ್ನು ಧ್ವಜಸ್ತಂಭದಂತೆ ಹಿಡಿದ. ದಾರಿಯುದ್ದಕ್ಕೂ ಜನ ಬಿಡಲಿಲ್ಲ.

"ಏನ್ ಮೂಕಪ್ಪ, ಮೋಡಕ್ಕೆ ಗುಂಡು ಹೊಡೆದು ಮಳೆ ಬರಿಸ್ತೀಯಾ?"

"ನಲ್ಲಿಯಾಗೆ ನೀರು ಬಿಡು ಅಂದ್ರೆ ಗುಂಡು ಬಿಡಾಕೆ ಹೊಂಟೀಯಲ್ಲೋ!"

ಜೋತುಬಿದ್ದ ಕರೆಂಟಿನ ತಂತಿಯೊಂದು ಎದುರಾದಾಗ ಭೀಮೇಶ ಕೂಗಿಕೊಂಡ. ಮೂಕಪ್ಪ ನಳಿಗೆಯನ್ನು ಕೆಳಗಿಳಿಸಿದ. ನೆಲದ ಕಡೆಗೇ ಇಳಿಸಿದ, ಆದರೆ ಆ ನೆಲದ ಮೇಲೆ ಓಂಕಾರಪ್ಪನ ಬಲಗಾಲಿತ್ತು.

"ಚಿಗಪ್ಪ, ಕಾಲು ತೆಗಿ."

"ಖಾಲಿ ಬಂದೂಕಿಗೆ ಕಾಲು ತೆಗಿಯಾಕೆ ನಾನೇನು ನಿನ್ನಂಗೆ ಪುಕ್ಕಲನೇನಲೇ?"

"ಅಪ್ಪನ ಎರಡು ಬೆರಳೂ ಹಿಂಗೇ ಅಂದಿದ್ವಂತೆ."

ಓಂಕಾರಪ್ಪ ಕಾಲನ್ನು ತೆಗೆಯಲಿಲ್ಲ. ಮೂಕಪ್ಪನೇ ಎದ್ದು ನಿಂತು, ತಂತಿ ದಾಟುವವರೆಗೆ ನಳಿಗೆಯನ್ನು ಆಟೋದ ಹೊರಗಿನ ಮಣ್ಣಿಗೆ ತೋರಿಸುತ್ತ, ಬೀಳುವವನಂತೆ ತೂಗಾಡಿದ.

ಕಲ್ಲುಕಟ್ಟೆ ಕ್ರಾಸಿನಲ್ಲಿ ಭೀಮೇಶ ಚಹಾಕ್ಕೆಂದು ನಿಲ್ಲಿಸಿದ. ಮೂಕಪ್ಪ ಬಂದೂಕನ್ನು ಬೇವಿನ ಬುಡಕ್ಕೆ ಒರಗಿಸಿ, ಉಡಚಮ್ಮನ ಫೋನ್ ಎತ್ತಿಕೊಂಡ.

"ನಿಮ್ಮ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಸಿಕ್ಕೈತೆ. ಗಣಿತದಾಗೆ ಹದಿನಾಲ್ಕು ಅಂತೆ. ನಂಗೆ ಮದುವೆಯಾಗೆ ಎಪ್ಪತ್ತು ಅಂತ ಹೇಳಿದ್ರಲ್ಲ?"

"ಲೈಸೆನ್ಸ್ ಸಿಕ್ತಾ?"

"ಇಲ್ಲ. ಹದಿನಾಲ್ಕು!"

ಫೋನಿಟ್ಟು ತಿರುಗಿದ. ಓಂಕಾರಪ್ಪ ಬಂದೂಕನ್ನು ಎದೆಗೆ ಒರಗಿಸಿಕೊಂಡು, ಅದರ ಬಾಯಿಯ ಮೇಲೆ ಗದ್ದವಿಟ್ಟು, ಹಳೇ ಸಿಪಾಯಿಯಂತೆ ನಿಂತಿದ್ದ. ಎದುರಿಗೆ ಭೀಮೇಶನ ಮೊಬೈಲು. ಅಷ್ಟೇ ಆಗಿದ್ದರೆ ಆಗುತ್ತಿತ್ತು. ಭೀಮೇಶ ದೀಪಾವಳಿಯಲ್ಲಿ ಮಕ್ಕಳ ಪಿಸ್ತೂಲಿಗೆ ತಂದು ಉಳಿದ ಕೇಪುಗಳ ಡಬ್ಬಿಯನ್ನು ಆಟೋದಿಂದ ಹುಡುಕಿ ತೆಗೆದಿದ್ದ. ನಾಡ ಬಂದೂಕಿನ ಮದ್ದಿಗೆ ಕಿಡಿ ಹತ್ತುವುದೂ ಅಂಥ ಕೇಪಿನಿಂದಲೇ.

"ಚಿಗಪ್ಪ, ಇದನ್ನ ಇಲ್ಲಿ ಅಂಟಿಸಿ ಎಳಿ. ಪಟ್ ಅಂತ ಸದ್ದು ಬರ್ತೈತೆ, ಹೊಗೆ ಬರ್ತೈತೆ. ಒಂದು ಲಕ್ಷ ಜನ ನೋಡ್ತಾರೆ!"

ಮೂಕಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಹೆಸರಿಗೆ ವಿರುದ್ಧವಾಗಿ ನಡೆದುಕೊಂಡ. "ಲೇಯ್!" ಎಂಬ ಅವನ ಕೂಗಿಗೆ ಬೇವಿನ ಮರದ ಕಾಗೆಗಳೂ ಎದ್ದವು. ಒಂದೇ ನೆಗೆತಕ್ಕೆ ಬಂದು ನಳಿಗೆಯನ್ನು ಮೇಲಕ್ಕೆ ತಿರುಗಿಸಿ ಕಿತ್ತುಕೊಂಡ. ಕೇಪಿನ ಡಬ್ಬಿಯನ್ನು ಚಹಾದಂಗಡಿಯ ಲೋಟ ತೊಳೆಯುವ ಬಕೆಟ್ಟಿಗೆ ಎಸೆದ.

"ಒಂದು ಲಕ್ಷ ಜನ ನೋಡ್ತಾರೆ ಕಣೋ, ಚಿಗಪ್ಪನ ತಲೆ ಹಾರೋದನ್ನ!"

ಅಂಗಡಿಯ ಕಟ್ಟೆ ಕಿಸಕ್ಕೆಂದು ನಕ್ಕಿತು. ಭೀಮೇಶನಿಗೆ ಅವಮಾನವಾಯಿತು. "ಪುಕ್ಕಲ ನನ್ಮಗನ್ನ ನನ್ನ ಗಾಡಿಯಾಗೆ ಕೂರಿಸ್ಕೊಳ್ಳಲ್ಲ. ನಡಕೊಂಡ್ ಬಾ" ಎಂದು ಆಟೋ ಹೊರಡಿಸಿದ. ಮಾತಾಡಲು ಬಂದ ಓಂಕಾರಪ್ಪ ಆಟೋದಲ್ಲೇ ಹೋದ, ಬಂದೂಕಿನವನು ರಸ್ತೆಯಲ್ಲೇ ಉಳಿದ. ಮೂರು ಮೈಲಿ ಬಿಸಿಲು. ಎದುರಿಂದ ಯಾರೇ ಬಂದರೂ ಮೂಕಪ್ಪ ರಸ್ತೆ ಬಿಟ್ಟು ಹೊಲಕ್ಕಿಳಿದು, ನಳಿಗೆಯನ್ನು ಮೇಲೆ ಮಾಡಿ, ಅವರು ದಾಟಿದ ಮೇಲೆ ಹತ್ತುತ್ತಿದ್ದ. ಕುರಿ ಮಂದೆ ಎದುರಾದಾಗ ಕಾಲು ಗಂಟೆ ಹೊಲದಲ್ಲೇ ನಿಂತ. ಕುರಿಗಳೂ ತಾಯಿ ಹಡೆದವೇ ತಾನೇ.

ಹಿರೇಬಂಡೆ ಹೊರಠಾಣೆ ಎಂದರೆ ಎರಡು ಕೋಣೆ, ಒಂದು ಜಗಲಿ, ಹಿಂದೆ ಕಟ್ಟಡ ಕೆಲಸಕ್ಕೆಂದು ತಂದು ಮರೆತ ಮರಳಿನ ಗುಡ್ಡೆ. ಹೆಡ್ ಕಾನ್‌ಸ್ಟೇಬಲ್ ದುರ್ಗಾಂಬಿಕಾ ಲೆಡ್ಜರ್ ಮುಂದಿಟ್ಟುಕೊಂಡು ಕೂತಿದ್ದಳು. ಲಂಚ ಮುಟ್ಟದ, ನಗು ಕೂಡ ಮುಟ್ಟದ ಹೆಣ್ಣುಮಗಳು. ಎದುರಿನ ಕುರ್ಚಿಯಲ್ಲಿ ಮುರುಗೇಶಪ್ಪ ಚಹಾ ಕುಡಿಯುತ್ತಿದ್ದರು. ಚನ್ನಗಿರಿಯ ದೊಡ್ಡ ಅಡಿಕೆ ವ್ಯಾಪಾರಿ, ಈ ಸೀಮೆಯಲ್ಲಿ ಎಂಬತ್ತು ಎಕರೆ ಕೊಂಡವರು. ಅವರ ಜೋಡಿ ನಳಿಗೆಯ ಬಂದೂಕು ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ, ಡ್ರೈವರನ ಬೆನ್ನಿಗೆ ಬಾಯಿ ಮಾಡಿ ಮಲಗಿತ್ತು. ಅದನ್ನು ಒಪ್ಪಿಸಬೇಕಿರಲಿಲ್ಲ. ಅವರಿಗೆ ಪ್ರಾಣಭಯವಿದೆಯೆಂದು ಮೇಲಿನವರು ವಿನಾಯಿತಿ ಕೊಟ್ಟಿದ್ದರು, ಸೀಲು ಹಾಕಿಸಲು ಬಂದಿದ್ದರು. ಭಯ ಯಾರದೆಂದು ಯಾರೂ ಕೇಳಿರಲಿಲ್ಲ. ಆ ಎಂಬತ್ತು ಎಕರೆಯನ್ನು ಮಾರಿಕೊಂಡು ಅದರಲ್ಲೇ ಕೂಲಿಗೆ ಹೋಗುವವರದ್ದೇ ಇರಬೇಕು. ಹಂದಿಗೆ ಹೆದರುವವನ ಬಂದೂಕಿಗೆ ನೋಟಿಸು, ಮನುಷ್ಯರಿಗೆ ಹೆದರುವವನ ಬಂದೂಕಿಗೆ ವಿನಾಯಿತಿ.

"ಲೈಸೆನ್ಸ್?" ಎಂದಳು ದುರ್ಗಾಂಬಿಕಾ.

"ಮನ್ಯಾಗೆ ಹುಡುಕ್ತಾ ಅದಾರೆ ಮೇಡಂ. ಬರ್ತೈತೆ."

"ಐದು ಗಂಟೆ ತನಕ ಟೈಮ್. ಲೈಸೆನ್ಸ್ ತೋರಿಸಿದ್ರೆ ಬಂದೂಕಿಗೆ ರಸೀದಿ, ನಡತೆ ಪತ್ರಕ್ಕೆ ಸೈನ್, ಎರಡೂ ಇವತ್ತೇ ಕೊಡ್ತೀನಿ. ಇಲ್ಲಾಂದ್ರೆ ನಂಗೂ ಮೇಲಿನೋರಿದಾರೆ. ಬಂದೂಕು ಖಾಲಿ ಐತಾ?"

"ಖಾಲಿ ಐತೆ!" ಎಂದರು ಮುಂಚೆಯೇ ಬಂದು ಜಗಲಿಯಲ್ಲಿ ಕೂತಿದ್ದ ಓಂಕಾರಪ್ಪ, ಭೀಮೇಶ, ಅವರ ಮಾತು ಕೇಳಿ ಸೇರಿದ್ದ ಹತ್ತಾರು ಜನ, ಒಟ್ಟಾಗಿ.

"ಗೊತ್ತಿಲ್ಲ ಮೇಡಂ. ಗಜ ಸಿಗೋ ತನಕ ತುಂಬೈತೆ ಅಂತ್ಲೇ ತಿಳ್ಕೊಳ್ರಿ" ಎಂದ ಮೂಕಪ್ಪ.

"ಕೊಡ್ರಿ ಇಲ್ಲಿ, ಮ್ಯಾಲಕ್ಕೆ ಹಿಡಿದು ಒಂದ್ಸಲ ಎಳೆದು ನೋಡಿದ್ರಾಯ್ತು" ಎಂದು ಪೇದೆ ಸಿದ್ದಲಿಂಗೇಶ ಕೈ ಚಾಚಿದ. ಮುರುಗೇಶಪ್ಪ ಚಹಾದ ಲೋಟ ಇಟ್ಟು, ಎದ್ದು ಬಂದು, ನಳಿಗೆಯ ಬಾಯಿಯನ್ನು ಎಳೆದು ಕಣ್ಣಿಗಿಟ್ಟುಕೊಂಡರು.

"ಏನೂ ಇಲ್ಲ ಕಣಯ್ಯ. ಬರೀ ಕತ್ತಲೆ ಕಾಣ್ತೈತೆ."

"ಸಾವುಕಾರ್ರೇ, ಆ ಕಡೆ ತುದಿ ಮುಚ್ಚೈತೆ. ಕತ್ತಲೆ ಬಿಟ್ಟು ಇನ್ನೇನು ಕಾಣ್ಬೇಕು? ಕಣ್ಣು ತೆಗೀರಿ!"

"ನಂಗೆ ಹೇಳಾಕೆ ಬರ್ತೀಯಾ? ನಾನು ಅಂಗಡಿಯಾಗೆ ಬಂದೂಕು ಕೊಂಡೋನು, ನೀನು ಗೋಡೆ ಮ್ಯಾಗೆ ಕಂಡೋನು!"

ಜಗಲಿ ಗೊಳ್ಳೆಂದಿತು. ಮೂಕಪ್ಪನಿಗೆ ಇನ್ನು ಮಾತಿನಿಂದ ಆಗದೆಂದು ಗೊತ್ತಾಯಿತು. ಧರಣಿಯಲ್ಲಿ ಕಲಿತ ವಿದ್ಯೆ ನೆನಪಾಯಿತು. ಬಂದೂಕನ್ನು ಹಿಂದಕ್ಕೆ ಒಯ್ದು, ನಳಿಗೆಯ ಬಾಯಿಯನ್ನು ಮರಳಗುಡ್ಡೆಗೆ ಮಾಡಿ ನೆಲದ ಮೇಲಿಟ್ಟು, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಯಾರು ಮುಟ್ಟಲು ಬಂದರೂ "ಗಜ ಬರ್ಲಿ" ಎನ್ನುತ್ತಿದ್ದ. ಹೊರಠಾಣೆಯ ಇತಿಹಾಸದಲ್ಲಿ ಬಂದೂಕು ಒಪ್ಪಿಸಲು ಬಂದವನೇ ಬಂದೂಕಿಗೆ ಕಾವಲು ಕೂತದ್ದು ಅದೇ ಮೊದಲು. ದುರ್ಗಾಂಬಿಕಾ ಕಿಟಕಿಯಿಂದ ನೋಡಿ, ಅವನನ್ನು ಅಲ್ಲೇ ಬಿಟ್ಟಳು. ಸಿದ್ದಲಿಂಗೇಶನನ್ನು ಮಾತ್ರ ಒಳಗೆ ಕರೆದು ಬೈದಳು.

ಎರಡು ಗಂಟೆಗೆ ಫೋನ್: "ರೇಷನ್ ಕಾರ್ಡ್ ಸಿಕ್ಕೈತೆ. ನಿಮ್ಮಜ್ಜನ ಕಂದಾಯದ ರಸೀದಿ ಸಿಕ್ಕೈತೆ. ಲೈಸೆನ್ಸ್ ಇಲ್ಲ."

ಎರಡೂವರೆಗೆ: "ನನ್ನ ಕಳೆದುಹೋದ ಕಾಲುಂಗುರ ಸಿಕ್ತು ನೋಡ್ರಿ! ಲೈಸೆನ್ಸ್ ಇಲ್ಲ."

ಮೂರಕ್ಕೆ: "ಕಡ್ಡಿ ಸಿಕ್ತು! ಕೋಳಿಗೂಡಿನ ಬಾಗಿಲಿಗೆ ಅಗುಳಿ ಮಾಡಿದ್ದೆ ನಾನೇ. ಸೊಕ್ಕೆ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಕೈಯಾಗೆ ಕೊಟ್ಟು ಕಳಿಸೀನಿ. ಕೋಳಿ ಎಲ್ಲಾ ಬೀದಿ ಪಾಲು. ಲೈಸೆನ್ಸ್ ಮಾತ್ರ ಎಲ್ಲೂ ಇಲ್ಲ ಕಣ್ರೀ."

ಮೂರೂವರೆಯ ಬಸ್ಸಿನಲ್ಲಿ ಗಜ ಬಂತು. ಕೋಳಿಪುಕ್ಕ ಅಂಟಿದ್ದನ್ನು ಮೂಕಪ್ಪ ಒರೆಸಿದ. ಬಾಯಿಗೆ ಎದುರಾಗದೆ ಪಕ್ಕಕ್ಕೆ ಸರಿದು, ಮೆಲ್ಲಗೆ ಗಜವನ್ನು ನಳಿಗೆಗೆ ಇಳಿಸಿದ. ಜನ ಸುತ್ತ ಮುತ್ತಿಕೊಂಡು ನಗಲು ತಯಾರಾದರು. ಗಜ ಸರಸರ ಹೋಯಿತು, ಹೋಯಿತು, ಟಕ್ಕೆಂದು ನಿಂತಿತು.

ಅಪ್ಪ ಕೊರೆದ ಗೀರು ನಳಿಗೆಯ ಬಾಯಿಯಿಂದ ಏಳು ಬೆರಳು ಹೊರಗಿತ್ತು.

ಊಟದ ಎರಡನೇ ಪಂಕ್ತಿಗೆ ಕರೆದಾಗ ಮೊದಲ ಪಂಕ್ತಿ ಏಳುವುದಕ್ಕಿಂತ ಜೋರಾಗಿ ಗುಂಪು ಎದ್ದು ಓಡಿತು. ಓಂಕಾರಪ್ಪ ಬಾಗಿಲ ಸಂದಿಯಲ್ಲಿ ಹಲ್ಲಿಯಂತೆ ಅಂಟಿಕೊಂಡ. ಮುರುಗೇಶಪ್ಪ ತಮ್ಮ ಬಲಗಣ್ಣನ್ನು ಮುಟ್ಟಿ ನೋಡಿಕೊಂಡರು.

ದುರ್ಗಾಂಬಿಕಾ ಇಲಾಖೆಯ ಬಂದೂಕು ಮೇಸ್ತ್ರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಆತ ಕೇಳಿದ್ದು ಒಂದೇ: "ಈ ತನಕ ಅದನ್ನ ಕಾದೋನು ಯಾರು? ಆ ಮನುಷ್ಯನ ಕೈಲೇ ಮಾಡಿಸ್ರಿ." ಬಾಯಿ ಮೇಲೆ ಮಾಡಿ ಮರಳಿಗೆ ಒರಗಿಸಿ, ಸುತ್ತ ಯಾರೂ ಬೇಡ, ಮದ್ದು ಸಾಯುವ ಹಾಗೆ ನಳಿಗೆ ತುಂಬ ನೀರು ಹೊಯ್ದು ಮುಕ್ಕಾಲು ಗಂಟೆ ಬಿಡಿ, ಆಮೇಲೆ ಬಾಯಿಯನ್ನು ಮರಳಿಗೆ ಬಾಗಿಸಿ ಗಜದ ಇನ್ನೊಂದು ತುದಿಯ ತಿರುಪಿನಿಂದ ಒಳಗಿನದನ್ನು ಹೊರಗೆಳೆಯಿರಿ ಎಂದ.

ನೀರು ಬಿಡುವ ಕೆಲಸ ಮೂಕಪ್ಪನಿಗೆ ಹೊಸದೇ? ಮರಳಗುಡ್ಡೆಗೆ ಒರಗಿಸಿದ ನಳಿಗೆಗೆ ಒಂದು ಚೆಂಬು ನೀರನ್ನು ಹನಿ ಚೆಲ್ಲದಂತೆ ಹೊಯ್ದ. ಮುಕ್ಕಾಲು ಗಂಟೆ ಗಡಿಯಾರ ನೋಡಿದ. ಗಂಟೆ ನಾಲ್ಕೂವರೆಯಾಯಿತು. ಗೋಡೆಯ ಹಿಂದಿನಿಂದ ನಲವತ್ತು ತಲೆ, ಅದರಲ್ಲೊಂದು ಭೀಮೇಶನ ಮೊಬೈಲು, ಇಣುಕುತ್ತಿದ್ದವು.

ತಿರುಪು ಏನನ್ನೋ ಕಚ್ಚಿತು. ಮೂಕಪ್ಪ ಎಳೆದ. ಬೆಳ್ಳಗೆ, ಹಿಟ್ಟಿನ ಮುದ್ದೆಯಂಥದ್ದು ಹೊರಬಂತು. ಒದ್ದೆ ಕಾಗದ.

"ಕಾಗದ ಕಣ್ರೋ!" ಓಂಕಾರಪ್ಪನಿಗೆ ಬಾಗಿಲ ಸಂದಿಯಲ್ಲಿ ಮತ್ತೆ ಮೀಸೆ ಬಂತು. "ಬರೀ ಕಾಗದಕ್ಕೆ ಬೆಳಗಿನಿಂದ ಊರೆಲ್ಲಾ ನಡುಗಿಸಿದ್ಯಲ್ಲೋ ಪುಕ್ಕಲ! ನಾನು ಹೇಳಲಿಲ್ವಾ ಖಾಲಿ ಐತೆ ಅಂತ?"

ನಗೆ ಎದ್ದಿತು. ಮೂಕಪ್ಪ ನಗಲಿಲ್ಲ, ಕಾಗದವನ್ನು ನೋಡಲೂ ಇಲ್ಲ. ಗಜವನ್ನು ಮತ್ತೆ ಇಳಿಸಿದ. ಗೀರು ಇನ್ನೂ ನಾಲ್ಕು ಬೆರಳು ಹೊರಗಿತ್ತು. ತಿರುಪು ಮತ್ತೆ ಹೋಯಿತು, ಬಂತು. ಈ ಸಲ ಹಿಡಿ ತುಂಬ ಸೀಸದ ಚರೆ ಮರಳ ಮೇಲೆ ಉರುಳಿತು. ಅದರ ಹಿಂದೆ ಬಟ್ಟೆಯ ತುಂಡು. ಅದರ ಹಿಂದೆ, ಕೊಳೆತ ರಾಗಿ ಅಂಬಲಿಯಂತೆ, ಕರೀ ಮದ್ದಿನ ಕೆಸರು.

ಗೀರು ಬಾಯಿಗೆ ಸರಿಯಾಗಿ ಬಂದು ನಿಂತಿತು.

ಓಂಕಾರಪ್ಪ ಗದ್ದ ಮುಟ್ಟಿಕೊಂಡು ಬಾಗಿಲ ಹಿಂದಕ್ಕೆ ಸರಿದ. ಭೀಮೇಶ ಬಕೆಟ್ಟಿನಲ್ಲಿ ಮುಳುಗಿದ ಕೇಪನ್ನು ನೆನೆದು ಮೊಬೈಲನ್ನು ಕೆಳಗಿಳಿಸಿದ. ಹೋದ ವರ್ಷದ ಆ ರಾತ್ರಿ ಓಬಳಪ್ಪ ಮದ್ದು ತುಂಬಿದ್ದ, ಹೊಡೆಯುವ ಮುಂಚೆ ಬಿದ್ದಿದ್ದ. ಎಂಟು ತಿಂಗಳು ಮೂರು ಬೆರಳಲ್ಲಿ ತೋರಿಸಿದ್ದು ಪ್ರೀತಿಯನ್ನಲ್ಲ. ಆ ತುಂಬಿದ ಬಂದೂಕಿಗೆ ಹೂ ಮುಡಿಸಿ ಅವನ ಮಗ್ಗುಲಲ್ಲೇ ಮಲಗಿಸಿದ್ದರು.

ಮೊದಲು ಬಾಯಿ ತೆರೆದದ್ದು ದುರ್ಗಾಂಬಿಕಾ. "ಮೂಕಪ್ಪ, ಇವತ್ತು ಇಲ್ಲಿ ಕನಿಷ್ಠ ಮೂರು ಹೆಣ ಬೀಳ್ತಿತ್ತು. ನೀನು ತಡೆದಿ." ಅಷ್ಟು ಹೇಳಿ, ಲೆಡ್ಜರ್ ತೆರೆದು, ಜೀವಮಾನದಲ್ಲಿ ಒಮ್ಮೆ ಎಂಬಂತೆ ನಕ್ಕಳು. "ಲೈಸೆನ್ಸ್ ಕೊಡು, ರಸೀದಿ ಬರೀತೀನಿ. ನಡತೆ ಪತ್ರಾನೂ ಈಗ್ಲೇ."

ಮೂಕಪ್ಪನ ಫೋನ್ ಮತ್ತೆ ರಿಂಗಾಯಿತು. "ರೀ, ಹಂಚು ಒಂದು ಬಿಟ್ಟು ಎಲ್ಲಾ ಕಿತ್ತು ನೋಡೀನಿ. ಮನ್ಯಾಗೆ ಇಲ್ಲ ಅಂದ್ರೆ ಇಲ್ಲ. ಮಾವ ಅದನ್ನ ಹೊಲದ ಚೀಲದಾಗೇ ಇಟ್ಕೊಂಡು ತಿರುಗ್ತಿದ್ದ. ಆ ರಾತ್ರಿ ಹೊಲಕ್ಕೆ ಒಯ್ದಿದ್ದು, ಅಲ್ಲೇ ಏನೋ ಆಗೈತೆ."

ಮದ್ದಿನ ಮೇಲೆ ಚರೆ, ಚರೆ ಉರುಳದಂತೆ ಅದರ ಮೇಲೊಂದು ಕಾಗದ ಜಡಿಯಬೇಕು. ಹಂದಿ ಜೋಳಕ್ಕೆ ನುಗ್ಗಿದೆ, ಕತ್ತಲು, ಓದು ಬಾರದ ಮುದುಕ, ಚೀಲದಲ್ಲಿ ಕೈಗೆ ಸಿಕ್ಕ ಕಾಗದ.

ಮೂಕಪ್ಪ ನಿಧಾನವಾಗಿ ಬಗ್ಗಿ, ಮರಳ ಮೇಲಿನ ಬಿಳೀ ಮುದ್ದೆಯನ್ನು ಬಿಡಿಸಿದ. ಬಿಡಿಸಿದಷ್ಟೂ ಹರಿಯಿತು. ತಿರುಪು ಕೊರೆದ ತೂತು, ನೀರಿಗೆ ಕರಗಿದ ಶಾಯಿ, ಅರ್ಧ ಸಿಂಹದ ಸೀಲು. ನಡುವೆ ಬೆರಳ ಗಾತ್ರದ ಫೋಟೋದ ಚೂರಿನಲ್ಲಿ ಅಪ್ಪನ ಒಂದು ಕಣ್ಣು ಮತ್ತು ಮುಕ್ಕಾಲು ಮೀಸೆ. ಆ ಕಣ್ಣು, ಎಂಟು ತಿಂಗಳು ನೋಡಿದಂತೆಯೇ, ಬೆಬ್ಬೆಬ್ಬೆ ಎನ್ನುವಂತೆ ಅವನನ್ನು ನೋಡಿತು.

"ಮೇಡಂ, ಲೈಸೆನ್ಸ್" ಎಂದು ಅಂಗೈ ಚಾಚಿದ.

ದುರ್ಗಾಂಬಿಕಾ ಮುದ್ದೆಯನ್ನು ನೋಡಿದಳು, ಮೂಕಪ್ಪನನ್ನು ನೋಡಿದಳು, ಗಡಿಯಾರ ನೋಡಿದಳು. "ನೀರು ಹೊಯ್ಯದೆ ಇದ್ದಿದ್ರೆ ಓದಾಕೆ ಬರ್ತಿತ್ತು" ಎಂದಳು ಮೆಲ್ಲಗೆ. ಏನಾದರೂ ದಾರಿ ಹುಡುಕೋಣವೆಂದು ಪೆನ್ನು ಎತ್ತುವಷ್ಟರಲ್ಲಿ ಟೇಬಲ್ಲಿನ ಫೋನ್ ಹೊಡೆದುಕೊಂಡಿತು. ಮೇಲಿನ ಸಾಹೇಬರು. ದಾರಿಯಲ್ಲೂ ಠಾಣೆಯ ಹಿಂದೆಯೂ ಹಿಡಿದು ಆಗಿಂದಾಗಲೇ ಬಿಟ್ಟಿದ್ದ ಭೀಮೇಶನ ರೀಲ್ಸ್‌ಗೆ ಕೊನೆಗೂ ಒಂದು ಲಕ್ಷ ಜನ ಸಿಕ್ಕಿದ್ದರು, ಅವರಲ್ಲಿ ಸಾಹೇಬರೂ ಒಬ್ಬರು. ನೀತಿ ಸಂಹಿತೆ ಜಾರಿಯಲ್ಲಿರುವಾಗ, ಲೈಸೆನ್ಸಿಲ್ಲದ, ಮದ್ದು ತುಂಬಿದ ಬಂದೂಕು ಹಿಡಿದು ಹಾಡಹಗಲು ಸಾರ್ವಜನಿಕ ರಸ್ತೆಯಲ್ಲಿ ತಿರುಗಿದವನು ಯಾರು?

"ಎಲ್ಲರ ಹಂಗೆ ನಾನೂ 'ಖಾಲಿ ಐತೆ' ಅಂದಿದ್ರೆ?" ಎಂದ ಮೂಕಪ್ಪ.

"ಚೀಟಿ ಕಟ್ಟಿ ಮೂಲೆಯಾಗೆ ಇಡ್ತಿದ್ವಿ. ಲೈಸೆನ್ಸ್ ಕಳೆದೈತೆ ಅಂತ ಒಂದು ಅರ್ಜಿ ಬರೆಸ್ಕೊಂಡು ಕಳಿಸ್ತಿದ್ವಿ" ಎಂದು ಸಿದ್ದಲಿಂಗೇಶ ಪ್ರಾಮಾಣಿಕವಾಗಿ ಹೇಳಿದ.

ಹೊರಗೆ ಮುರುಗೇಶಪ್ಪ ವಿನಾಯಿತಿ ಪತ್ರ ಮಡಚಿ ಜೇಬಿಗಿಟ್ಟು ಕಾರು ಹತ್ತಿದರು. ಹಿಂದಿನ ಸೀಟಿನ ಜೋಡಿ ನಳಿಗೆ ಇನ್ನೂ ಡ್ರೈವರನ ಬೆನ್ನನ್ನೇ ನೋಡುತ್ತಿತ್ತು.

"ಸಾವುಕಾರ್ರೇ!" ಮೂಕಪ್ಪ ಕಿಟಕಿಯಿಂದ ಕೂಗಿದ. "ನಿಮ್ದು?"

"ಖಾಲಿ ಐತೆ ಕಣಯ್ಯ!" ಎಂದು ಅವರು ಗಾಜು ಏರಿಸಿದರು. ಮುಂದೆ ಕೂತ ಡ್ರೈವರ್ ಮಾತ್ರ ಒಮ್ಮೆ ಹಿಂದೆ ತಿರುಗಿ ನೋಡಿ, ಸೀಟಿನಲ್ಲಿ ಒಂದು ಗೇಣು ಪಕ್ಕಕ್ಕೆ ಸರಿದು, ಗಾಡಿ ಬಿಟ್ಟ.

ಐದು ಹೊಡೆಯಿತು. ದುರ್ಗಾಂಬಿಕಾ ಮಾತಿಗೆ ತಪ್ಪುವವಳಲ್ಲ. ಇವತ್ತೇ ಕೊಡುತ್ತೇನೆಂದ ನಡತೆ ಪತ್ರವನ್ನು ಇವತ್ತೇ ಬರೆದಳು. ಸುಳ್ಳು ಬರೆಯುವವಳೂ ಅಲ್ಲ. ಸೀಲು ಒತ್ತಿ ಕೊಟ್ಟ ಕಾಗದವನ್ನು ಮೂಕಪ್ಪ ಜಗಲಿಯ ಬೆಳಕಿಗೆ ಹಿಡಿದು ಓದಿದ.

'ನಡತೆ: ಅತ್ಯಂತ ಜಾಗರೂಕ. ಮೊಕದ್ದಮೆ: ಒಂದು.'